ದಿನದ್ದಲ್ಲ

ರಾತ್ರಿ ಮೂರೂ ಹತ್ತು. ಹೂಟಗಳ್ಳಿಯ ಎರಡನೇ ಮಹಡಿ.
ಕೆಳಗೆ ಲೇತಿನವರು ಬೀಗ ಹಾಕಿ ಹೋಗಿ ಎಷ್ಟೋ ಹೊತ್ತು.
ಪರದೆಯ ಮೇಲೆ ಎಲ್ಲ ಹಸಿರು:
ಬ್ಯಾಟರಿ, ಇಂಧನ,
ಬಿಸಿಲಿಗೆ ಒಡ್ಡಿದ ಬೆನ್ನು, ನೆರಳಿನ ಹೊಟ್ಟೆ.
ಮೂರನೇ ಚಕ್ರದ ಮುಂದೆ ಮಾತ್ರ
ಒಂದು ಹಳದಿ ಚುಕ್ಕಿ.
ಇಟ್ಟದ್ದು ನಾವಲ್ಲ, ಅದು.

ಹಾಜಿರಾ ಕುರ್ಚಿ ತಿರುಗಿಸಿ ನೋಡಿದಳು.
"ಮಿತಿಯೊಳಗೇ ಇದೆಯಲ್ಲೇ. ಕರೆಂಟು
ಕೂದಲೆಳೆಯಷ್ಟು ಹೆಚ್ಚು. ಹೋದ ವಾರವೂ
ಸುಮ್ಮಸುಮ್ಮನೆ ಎಬ್ಬಿಸಿತ್ತು."
ಹೌದು, ಎಬ್ಬಿಸಿತ್ತು,
ಭೂಮಿಯ ನೆರಳಿಗೆ ಬೆಚ್ಚಿ.

ಅದಕ್ಕೆ ನಾವು ಕಾಯಿಲೆ ಕಲಿಸಿಲ್ಲ.
ಕಲಿಸೋಣವೆಂದರೆ ಸಾಲುವಷ್ಟು ಕಾಯಿಲೆ ಇರಲಿಲ್ಲ.
ಕಲಿಸಿದ್ದು ನಾಲ್ಕು ವರ್ಷದ ಒಳ್ಳೆಯ ದಿನಗಳನ್ನು,
ಸುತ್ತಿನ ಮೇಲೆ ಸುತ್ತು, ಏನೂ ಆಗದ ದಿನಗಳು,
ಯಾರೂ ಡೈರಿಯಲ್ಲಿ ಬರೆದಿಡದಂಥವು.
ಅಷ್ಟನ್ನೂ ಉಂಡು ಕೂತಿದೆ.

ಹುಲಿಕೆರೆ ಕಡೆ ನಮ್ಮ ನಾಲೆಗೊಬ್ಬ ನೀರಗಂಟಿ,
ಸಣ್ಣಜವರಯ್ಯ.
ತೂಬಿನ ಕಬ್ಬಿಣಕ್ಕೆ ಬಿದಿರುಕೋಲು ಒತ್ತಿ
ಇನ್ನೊಂದು ತುದಿಗೆ ಕಿವಿ ಕೊಡುತ್ತಿದ್ದ.
ಒಂದು ಸಂಜೆ, ಎಮ್ಮೆ ಹುಡುಕಿಕೊಂಡು ಹೋದವಳು ಕೇಳಿದೆ,
ಏನಂತಯ್ಯ ನೀರು?
"ತಪ್ಪು ಅಂತಲ್ಲ ಕನವ್ವ,
ದಿನದ್ದಲ್ಲ."

ಇಂಜಿನಿಯರು ಜೀಪಿನಲ್ಲಿ ಬಂದು, ಅಳತೆಗಲ್ಲು ನೋಡಿ,
ಸರಿ ಇದೆಯೆಂದು ಹೋದರು.
ಸರಿಯೇ ಇತ್ತು, ಅಳತೆಗಲ್ಲು.
ಅವತ್ತು ಏರಿ ಒಡೆಯಿತು ಎಂದರೆ
ಕಥೆಗೆ ಕಳೆ ಬರುತ್ತದೆ.
ಒಡೆಯಲಿಲ್ಲ.
ಅವನು ಗೋಣಿ ಹೊದ್ದು ಇಡೀ ರಾತ್ರಿ ಅಲ್ಲೇ ಕೂತಿದ್ದು
ಬೆಳಗ್ಗೆ, ಏಡಿ ಕೊರೆದ ಬಿಲಕ್ಕೆ
ಎರಡು ಮಂಕರಿ ಮಣ್ಣು ಹಾಕಿದನಂತೆ. ಅಷ್ಟೆ.

ಉಪಗ್ರಹ ಈಗ ಧ್ರುವದಾಚೆ, ಕಿವಿಗೆ ಸಿಗದು.
ಮತ್ತೆ ತಲೆಯ ಮೇಲೆ ಬರುವುದು ನಾಲ್ಕೂ ನಲವತ್ತೆಂಟಕ್ಕೆ,
ಹನ್ನೊಂದೇ ನಿಮಿಷ.
ಅಲ್ಲಿಯವರೆಗೆ ಆ ಚಕ್ರ
ಎಣ್ಣೆ ಒಣಗಿಯೋ, ಒಣಗದೆಯೋ, ಒಂದೇ ಸಮ ತಿರುಗುತ್ತಿದೆ,
ಮಣ್ಣು ಹಾಕಲು ಕೈ ನಿಲುಕದ ಕಡೆ.

ಯಂತ್ರ ಕೇಳುತ್ತಿದೆ: ಎಚ್ಚರಿಸಿದ್ದು ಸರಿಯೋ, ತಪ್ಪೋ?
ಎರಡೇ ಗುಂಡಿ. ಒತ್ತಿದ್ದನ್ನು ಕಲಿಯುತ್ತದೆ.
ತಪ್ಪೆಂದರೆ ಮುಂದಿನ ಸಲ
ಕಂಡೂ ಬಾಯಿ ಬಿಡಲಿಕ್ಕಿಲ್ಲ.

ಹಾಜಿರಾ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ
ನನ್ನ ಕಡೆ ತಳ್ಳಿದಳು.
ಎರಡನ್ನೂ ಒತ್ತಲಿಲ್ಲ ನಾನು.
ಷರಾ ಅಂಕಣದಲ್ಲಿ, ಕನ್ನಡದಲ್ಲೇ, ಬರೆದೆ.
ಚಕ್ರದ ವೇಗ ತುಸು ಇಳಿಸುವ ಆದೇಶ ಸಿದ್ಧ ಮಾಡಿಟ್ಟು,
ಮಂಡ್ಯದ ಮೊದಲ ರೈಲು ಹೋದರೆ ಹೋಗಲಿ ಅಂತ
ಕುರ್ಚಿಯ ಮೇಲಿದ್ದ ಶಾಲು ಎಳೆದು
ಹೊದ್ದುಕೊಂಡೆ.