ಕೋಡಿ

"ಯಾರೋ ಬಾಯ್ ಮುಕ್ಕಳಿಸ್ತಾವ್ರೆ ಕನವ್ವ ರಾತ್ರಿಯೆಲ್ಲ,"
ಅಂದರು ಅತ್ತೆ, ಮೀನಿನ ತೊಟ್ಟಿ ಪಕ್ಕದ ಚಾಪೆ ಸುತ್ತುತ್ತ.

ಗುತ್ತಲು ರಸ್ತೆಯಲ್ಲಿ ಗಾಜು ಕೊಯ್ಸಿದ್ದೆ,
ಒಂದಿಂಚಿನ ಪೈಪು ಮೂರು, ಮೊಣಕೈ ಆರು,
ಸಿಲಿಕಾನ್ ಮೆತ್ತಿದ ಬೆರಳಲ್ಲೇ ಅನ್ನ ಕಲಸಿದ್ದೆ.
ಮೊದಲನೆಯದು ತುಂಬು ಗಂಟಲಲ್ಲಿ ಇಳಿಯಬೇಕು,
ಎರಡನೆಯದರಲ್ಲಿ ಬರೀ ಒಸರು.
ಆದರೂ ಗೊರಗೊರ.

ಹೆಬ್ಬಕವಾಡಿ ನಾಲೆಯ ನೀರುಗಂಟಿಯ ಮಗಳು ಅವರು,
ಕುಕ್ಕರುಗಾಲಲ್ಲಿ ಕೂತು
ವಾಲ್ವನ್ನು ಕೂದಲೆಳೆಯಷ್ಟು ತಿರುವಿದರು:
"ಗಾಳಿ ನುಂಗ್ದಿದ್ರೆ ನೀರು ಮಾತಾಡಕಿಲ್ಲ."

ಸದ್ದು ನಿಂತಿತು.

"ಮೂರನೇದ್ಯಾಕೆ ಒಣಗೈತೆ?"
ಮಿಕ್ಕವು ಕಟ್ಟಿಕೊಂಡ ದಿನಕ್ಕೆ, ಎಂದೆ.
"ಓ, ಕೋಡಿ!
ಬಿದ್ರೆ ನಾವು ಬಾಗಿನ ಬಿಡ್ತಿದ್ದೋ,
ನೀನು ಬೀಳ್ದಿರ್ಲಿ ಅಂತೀಯ."

ಆ ರಾತ್ರಿ ಅವರಿಗೆ ನಿದ್ದೆಯಿಲ್ಲ.
ನೀರೈತೋ ಇಲ್ವೋ ಅಂತ
ಎರಡು ಸಲ ಲೈಟು ಹಾಕಿದರು.