ಶುಕ್ರವಾರದ ಚೀಟಿ

ಬೆಟ್ಟದೂರು ನರಿನ್‌ನಲ್ಲಿ ಮಾರ್ಚಿಗೂ ಕಿಟಕಿಗೆ ಹಿಮ.
ಐದಕ್ಕೆ ಎಷ್ಟು? ನಿಮಗೆ ನೀವೇ ಹಾಕಿಕೊಳ್ಳಿ, ಎಂದೆ.

ಐಜಿರೆಕ್ ಪ್ರಶ್ನೆ ಓದುವ ಮೊದಲೇ
ಐದು, ಐದು, ಐದು.
ಕೊನೆಯದು ‘ಆತುರಪಡುತ್ತೀಯಾ?’ ಎಂದಿತ್ತು.

ತೊಲೊಗೊನ್ ಎಲ್ಲಕ್ಕೂ ಎರಡು.
ಬೆಳಗ್ಗೆ ಒಲೆಗೆ ಕಲ್ಲಿದ್ದಲು ತುಂಬಿ
ಮಸಿಗೈಯಲ್ಲೇ ಲೆಕ್ಕಕ್ಕೆ ಕೂರುವ ಹುಡುಗ;
ಚೀಟಿಯ ಅಂಚಿಗೆಲ್ಲ ಹೆಬ್ಬೆಟ್ಟಿನ ಗುರುತು.

‘ತಿಳಿಯದಿದ್ದರೆ ಕೇಳುತ್ತೀಯಾ?’
ಅಲ್ಲಿ ಅಂಕಿಯಿಲ್ಲ, ಸಣ್ಣಕ್ಷರ:
ಕೇಳುತ್ತೇನೆ. ಮನಸ್ಸಿನೊಳಗೆ.

ಅರ್ಧ ಎದ್ದು, ಕಿವಿ ತುರಿಸಿ, ಇಳಿದುಹೋಗುವ ಕೈ
ಕಂಡಿದ್ದೆ ನಾನೂ.
ತುರಿಕೆ ಅಂದುಕೊಂಡಿದ್ದೆ.

ಗಂಟೆ ಹೊಡೆಯಿತು. ಬೂಟುಗಳ ಸದ್ದು ಕರಗಿತು.
ಮಿಕ್ಕ ಒಂದು ಚೀಟಿ ಎಳೆದುಕೊಂಡು
ಬರೆದೆ: ಬೆರ್ಮೆತ್, ಗಣಿತದ ಟೀಚರ್.
ಮೊದಲ ಪ್ರಶ್ನೆಗೇ ಪೆನ್ನು ನಿಂತಿತು:
‘ಬೇರೆಯವರ ಮಾತು ಕೇಳಿಸಿಕೊಳ್ಳುತ್ತೀಯಾ?’