ಹಾಸಿಗೆ ಇದ್ದಷ್ಟು

ಮಂಗೋಚಿಯ ಆಸ್ಪತ್ರೆಯಲ್ಲಿ ನಾವು ಆರು ಮಂದಿ,
ನಾಲ್ಕನೆಯ ವರ್ಷದವರು,
ಎದೆಗೆ ಕಿವಿಯಿಟ್ಟರೆ ಕವಾಟದ ಹೆಸರು ಹೇಳಬಲ್ಲೆವೆಂಬ ಜಂಬದವರು.
ವೇಳಾಪಟ್ಟಿಯಲ್ಲಿ ಬುಧವಾರ: ಆಡಳಿತ, ನಾಯಕತ್ವ.
ಯಾರೋ ಆಕಳಿಸಿದರು. ನಾನೇ ಇರಬೇಕು.

ಎನಿಫಾ ಕನ್ಯೆಂಡಾ ಬಂದರು. ಡಾಕ್ಟರಲ್ಲ.
ಇಪ್ಪತ್ತಾರು ವರ್ಷ ಉಗ್ರಾಣ, ಲಾಂಡ್ರಿ, ಡೀಸೆಲ್ಲಿನ ರಸೀದಿ;
ಸ್ಟೆತಸ್ಕೋಪ್ ಇರಬೇಕಾದ ಕೊರಳಲ್ಲಿ
ಕನ್ನಡಕದ ದಾರ.
ಬೋರ್ಡಿನ ಮೇಲೆ ಎರಡೇ ಸಾಲು ಬರೆದರು:
ಹಾಸಿಗೆ, ಇನ್ನೂರ ಹದಿನೆಂಟು.
ದುಪ್ಪಟಿ, ಕೊಂಡದ್ದು, ಒಂಬೈನೂರು.
"ನಿನ್ನೆ ರಾತ್ರಿ ಬರೀ ರೆಕ್ಸಿನ್ನಿನ ಮೇಲೆ ಮಲಗಿದವರೆಷ್ಟು?
ಹೋಗಿ ಎಣಿಸಿ. ಊಟದ ಹೊತ್ತಿಗೆ ಬನ್ನಿ."

ಹೆರಿಗೆ ವಾರ್ಡು ನನ್ನ ಪಾಲಿಗೆ.
ಅಲ್ಲಿ ಹಾಸಿಗೆಗೊಂದು ಚಿತೆಂಜೆ, ಮನೆಯಿಂದ ತಂದ ಬಟ್ಟೆ:
ಕಿತ್ತಳೆ ಮೀನು, ನೀಲಿ ಕೊಡೆ,
ಒಂದರ ಮೇಲೆ ಯಾವುದೋ ಹಳೆಯ ಚುನಾವಣೆಯ ಮಾಸಿದ ಮುಖ,
ಆ ಮುಖದ ಗಲ್ಲದ ಮೇಲೆ
ನಿನ್ನೆ ಹುಟ್ಟಿದ ಕೂಸಿನ ನಿದ್ದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಹಾಸಿಗೆ ಇತ್ತು, ಕಾಲೂ ಇತ್ತು.

ಕಳ್ಳತನ, ಅಂದ ಲಿಂಬಿಕಾನಿ,
ಆಗಲೇ ಕಾವಲುಗಾರನ ಸೈಕಲ್ಲಿನ ಮೇಲೆ ಅವನ ಕಣ್ಣು.
ಲಾಂಡ್ರಿಯ ಮುದುಕ ಸ್ಟಾಂಬುಲಿ ಕೈ ಒರೆಸಿಕೊಂಡ:
"ಬಂದಷ್ಟು ಒಗೆಯುತ್ತೇನೆ ಮಗಾ. ಬರುವುದೇ ನಲವತ್ತು."

ಆಮೇಲೆ ತಿಯಾಮಿಕೆಯ ಮೊಣಕಾಲು ತಾಗಿ
ಸಿಸ್ಟರ್ ನಸೋನಿಯ ಕಪಾಟು ಬಾಯಿ ಬಿಟ್ಟಿತು.
ಬೆಳ್ಳಗೆ, ಮಡಿಕೆ ಮುರಿಯದೆ, ಸೋಪಿನ ವಾಸನೆಯ ಅರವತ್ತು.
ಸಿಸ್ಟರ್ ನಾಚಲಿಲ್ಲ.
"ಒಗೆಯಲು ಕೊಟ್ಟದ್ದು ಬೇರೆ ವಾರ್ಡಿಗೆ ಹೋಗುತ್ತದೆ.
ನನ್ನ ಬಾಣಂತಿಗೆ ನಂಜೇರಿ ಬೆವರಿದ ರಾತ್ರಿ
ಏನು ಹಾಸಲಿ, ನಿಮ್ಮ ಪುಸ್ತಕವನ್ನೇ?"

ಥಿಯೇಟರಿನಲ್ಲಿ, 'ಕೆಟ್ಟ ದೀಪಗಳು' ಎಂದು ಬರೆದ ಪೆಟ್ಟಿಗೆಯಲ್ಲಿ.
ಮಕ್ಕಳ ವಾರ್ಡಿನಲ್ಲಿ, ತೊಟ್ಟಿಲ ಮೆತ್ತೆಯ ಹೊಟ್ಟೆಯೊಳಗೆ.
ಒಟ್ಟು ಆರುನೂರ ನಲವತ್ತೊಂದು.
ಒಬ್ಬರೂ ಕಳ್ಳರಲ್ಲ.

ಲಿಂಬಿಕಾನಿ ಎದ್ದು ನಿಂತ: ಸುತ್ತೋಲೆ, ತಪಾಸಣೆ, ದಂಡ.
ಎನಿಫಾ ತಲೆಯಾಡಿಸಿದರು. "ಎರಡು ಸಲ ಮಾಡಿದ್ದೇನೆ.
ಪೆಟ್ಟಿಗೆಗಳು ಬದಲಾದವು, ಅಷ್ಟೆ.
ಈಗ ನಿಮ್ಮ ಕೋಟಿನ ಜೇಬು ತೋರಿಸಿ."

ನನ್ನದರಲ್ಲಿ ಹನ್ನೊಂದು ಜೊತೆ ಕೈಗವಸು, ಏಳರ ಅಳತೆ,
ಎರಡು ಕ್ಯಾನುಲಾ, ಅರ್ಧ ಸುರುಳಿ ಅಂಟುಪಟ್ಟಿ.
"ಯಾಕೆ?"
"ರಾತ್ರಿ ಬೇಕಾದಾಗ ಸಿಗುವುದಿಲ್ಲ, ಮೇಡಂ."
"ಯಾಕೆ ಸಿಗುವುದಿಲ್ಲ?"

ಕಿಟಕಿಯಾಚೆ ಬಂಧುಗಳ ಚಪ್ಪರದಲ್ಲಿ
ಯಾರೋ ಉಸಿಪಾ ಮೀನು ಹುರಿಯುತ್ತಿದ್ದರು.
ಆರು ಜನರ ಮೌನಕ್ಕೆ ಎಣ್ಣೆಯ ಚಟಪಟ.

ಆಗ ಅವರು ತಮ್ಮ ಕೈಚೀಲವನ್ನೂ ಮೇಜಿನ ಮೇಲೆ ಸುರಿದರು.
ಲಿಪ್‌ಸ್ಟಿಕ್, ಬಸ್ ಚೀಟಿ, ಶುಂಠಿ ಮಿಠಾಯಿ,
ಚಿಂದಿಯಲ್ಲಿ ಸುತ್ತಿದ, ಥಿಯೇಟರ್ ದೀಪದ ಎರಡು ಬಲ್ಬು.
"ಉಗ್ರಾಣದ ಬೀಗದ ಕೈ ನನ್ನದೇ," ಅಂದರು,
"ನಾನೂ ನಂಬುವುದಿಲ್ಲ, ನೋಡಿ."
ಬಲ್ಬುಗಳನ್ನು ತಿರುಗಿ ಚೀಲಕ್ಕೆ ಹಾಕಲಿಲ್ಲ.
ಪಾಠ ಮುಗಿದಿದೆ ಎಂದೂ ಹೇಳಲಿಲ್ಲ.

ಈಗ ಎನ್ಖಾಟಾ ಬೇಯಲ್ಲಿ ನಾನೇ ಮುಖ್ಯಸ್ಥ.
ಕೋಣೆಗೊಂದು ಫಲಕ, ಕುರ್ಚಿಗೆ ಗಾಲಿ,
ದುಪ್ಪಟಿಯ ಲೆಕ್ಕ ಇನ್ನೂ ತಾಳೆಯಾಗಿಲ್ಲ.
ಬುಧವಾರ ರೌಂಡಿಗೆ ಮುಂಚೆ, ಎಲ್ಲರೆದುರು,
ಜೇಬನ್ನು ಒಳಗಿನ ದಾರ ಕಾಣುವ ಹಾಗೆ ಹೊರಗೆಳೆದು
ಇದ್ದದ್ದನ್ನು ಮೇಜಿನ ಮೇಲಿಡುತ್ತೇನೆ.
ಮೊದಲ ವಾರ ನಕ್ಕರು. ಎರಡನೆಯ ವಾರ ನಗಲಿಲ್ಲ.
ಮೂರನೆಯ ವಾರ, ಗಂಡಸರ ವಾರ್ಡಿನ ಸಿಸ್ಟರ್
ಏನೂ ಹೇಳದೆ ಎರಡು ದುಪ್ಪಟಿ ತಂದಿಟ್ಟರು.

ಒಳ್ಳೆಯವಲ್ಲ.
ಒಂದರ ಅಂಚು ಪೂರಾ ಹರಿದಿತ್ತು.